ಹೊಸ್ತಿಲ ರೊಟ್ಟಿ

ತೊಲೊನ್ ಮೇಷ್ಟ್ರ ಸಂಜೆ ತರಗತಿಯಲ್ಲಿ ಅರೆಬರೆ ಕಾನೂನು ಕಲಿತವನು ಇದನ್ನು ಹೇಳಹೊರಡುವುದು ಅಧಿಕಪ್ರಸಂಗವೇ. ಓದುವವರು ಕ್ಷಮಿಸಬೇಕು.

ರೊಟ್ಟಿಯ ಚೂರು ಆಗಲೇ ತೊಲೊನನ ಬಾಯಲ್ಲಿತ್ತು.

ಜಾನಿಶನ ಮನೆಗೆ ಅವನು ಬಂದದ್ದು ಒಂದೇ ಮಾತು ಹೇಳಲು: ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಳೆದ ತಿಂಗಳ ಸವಾರರ ಆಟದಲ್ಲಿ, ಕುದುರೆಯ ಮೇಲಿಂದ ಆಡಿನ ಕಳೇಬರಕ್ಕಾಗಿ ಕಿತ್ತಾಡುವಾಗ, ಜಾನಿಶ್ ಬೀಸಿದ ಚಾಟಿ ತೊಲೊನನ ತಮ್ಮ ಕುಬತನ ಎಡಗಣ್ಣು ತೆಗೆದಿತ್ತು. ಪರಿಹಾರವೆಂದು ಜಾನಿಶನ ಮನೆಯವರು ಕೊಡಹೊರಟ ಕುದುರೆ ಕುಬತನಿಗೆ ಬೇಡ. ಜೈಲೂ ಬೇಡ. ನ್ಯಾಯಾಧೀಶರೆದುರು ಜಾನಿಶನನ್ನು ಒಮ್ಮೆ ಕೇಳಬೇಕು: ಬೇಕೆಂದೇ ಹೊಡೆದೆಯಾ? ಅಷ್ಟೇ.

ಆ ಒಂದು ಮಾತನ್ನು ತೊಲೊನ್ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ. ಅಂಗಳದಲ್ಲಿ ನಿಂತು ಹೇಳಿಯೂ ಹೇಳಿದ, ನಾಯಿ ಬೊಗಳುತ್ತಿರುವಾಗ, ಯಾರಿಗೂ ಕೇಳಿಸದಷ್ಟು ಸೌಜನ್ಯದಿಂದ. ಜಾನಿಶನ ತಾಯಿ ಬುರುಲ್ ಹೊಸ್ತಿಲಿಗೆ ಬಂದು ದುಂಡನೆಯ ರೊಟ್ಟಿ ಹಿಡಿದಳು.

"ಬಾಯಿಗೆ ಮುಟ್ಟಿಸಿ ಹೋಗು ಮಗಾ. ಬಂದವ್ರು ಹಾಗೇ ಹೋಗ್ತಾರಾ?"

ಹುಟ್ಟಿದಾಗಿನಿಂದ ಯಾವ ಹೊಸ್ತಿಲಲ್ಲೂ ಅವನು ಆ ಮಾತಿಗೆ ಬೇಡ ಎಂದವನಲ್ಲ. ಕೈ ತಾನಾಗಿ ಹೋಯಿತು, ಮುರಿಯಿತು. ಅಗಿಯುವಾಗ ನೆನಪಾಯಿತು: ನೋಯಿಸಿದವನ ಮನೆಯ ರೊಟ್ಟಿ ತಿಂದರೆ ರಾಜಿ. ಅಜ್ಜಂದಿರ ಕಾಲದಿಂದ ಈ ಊರಿನಲ್ಲಿ ಅದಕ್ಕೆ ಸಹಿ ಬೇಕಿಲ್ಲ.

ಉಗುಳಬಹುದಿತ್ತು. ಆದರೆ ರೊಟ್ಟಿ ಉಗುಳಿದವನಿಗೆ ಇಲ್ಲಿ ಕಣ್ಣು ಕಿತ್ತವನಿಗಿಂತ ಕೆಟ್ಟ ಹೆಸರು. ನುಂಗಿದ. ರುಚಿಯಾಗಿತ್ತು, ಅದು ಇನ್ನೂ ನಾಚಿಕೆಗೇಡು.

ಬಾಗಿಲ ಹಿಂದೆ ನಿಂತಿದ್ದ ಜಾನಿಶ್ ಒಂದು ಮಾತೂ ಆಡಲಿಲ್ಲ. ಬುರುಲ್ ಕಣ್ಣೊರೆಸಿಕೊಂಡು, ಸುದ್ದಿ ಹೇಳಲು ನೆರೆಮನೆಯ ಕಡೆ ಓಡಿದಳು.

ಅಂದು ಸಂಜೆ ನಾರಿನ್ ಪೇಟೆಯ ಕಾನೂನು ತರಗತಿಯಲ್ಲಿ ತೊಲೊನನ ಪಾಠ: ಅಪರಾಧ ಕಾನೂನು ಎಲ್ಲಿಂದ ಬಂತು. ಮೊದಲು ಸೇಡು, ಆಮೇಲೆ ಹಿರಿಯರು ಕಟ್ಟಿದ ಬೆಲೆ, ಆಮೇಲೆ ಸರ್ಕಾರ ಬರೆದ ಸಂಹಿತೆ. ಕೃತ್ಯ ಒಂದೇ ಸಾಲದು, ಅದರ ಹಿಂದೆ ಮನಸ್ಸಿರಬೇಕು. ಪ್ರತಿವರ್ಷ ಈ ಜಾಗದಲ್ಲಿ ಅವನ ದನಿ ಏರುತ್ತಿತ್ತು. ಇಂದು ಉದಾಹರಣೆಯಾಗಿ ಅವನಿಗೆ ತಾನೇ ಸಿಕ್ಕ. ಕೃತ್ಯವಿದೆ, ಮನಸ್ಸಿಲ್ಲ, ಆರೋಪಿ ನಿರ್ದೋಷಿ. ಅಥವಾ, ಈ ಜಗಳ ಮುಗಿದರೆ ಸಾಕೆಂದು ಕೈಗೆ ಮೊದಲೇ ಅನಿಸಿತ್ತೇ?

ಅವನ ಊರಿನವನೇ ಆದ ಪೇದೆ ಊಸೊನ್ ಹಿಂದಿನ ಬೆಂಚಿನಿಂದ ಎದ್ದ.

"ಮೇಷ್ಟ್ರೇ, ರಾಜಿ ಆಯ್ತಂತೆ. ಒಳ್ಳೇದಾಯ್ತು ಬಿಡಿ, ನಮಗೂ ಒಂದು ಕೇಸು ಕಡಿಮೆ."

"ಆಗಿಲ್ಲ."

"ರೊಟ್ಟಿ ತಿಂದ್ರಂತಲ್ಲ?"

ತೊಲೊನ್ ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೆ ಅಳಿಸಿದ. ಸಂಹಿತೆಯ ಪ್ರಕಾರ ದೂರು ಇನ್ನೂ ಜೀವಂತ. ಆದರೆ ಸಾಕ್ಷಿ ಹೇಳಬೇಕಾದ ಸವಾರರೆಲ್ಲ ಊರಿನವರು. ರೊಟ್ಟಿಯಾದ ಮೇಲೆ ಅವರಾರೂ ಬಾಯಿ ಬಿಡುವುದಿಲ್ಲ.

ಮನೆಯಲ್ಲಿ ಕುಬತ್ ಒಲೆಯ ಬಳಿ ಕೂತು ಲಗಾಮಿಗೆ ಎಣ್ಣೆ ತಿಕ್ಕುತ್ತಿದ್ದ.

"ಹೇಳಿದ್ಯಾ, ಅಣ್ಣಾ?"

"ಹೇಳ್ದೆ."

"ಅವನೇನಂದ?"

"ಏನೂ ಅನ್ಲಿಲ್ಲ."

ಎರಡೂ ನಿಜ. ಯಾವ ವಕೀಲನೂ ಮುರಿಯಲಾಗದಂಥ ನಿಜ. ತೊಲೊನನಿಗೆ ತನ್ನ ಬಗ್ಗೆ ಹೇಸಿಗೆಯ ಜೊತೆ ಒಂದಿಷ್ಟು ಮೆಚ್ಚುಗೆಯೂ ಆಯಿತು. ಹಸಿವಿಲ್ಲ ಎಂದು ಕೋಣೆಯ ಕಡೆ ಹೊರಟ.

"ಗೊತ್ತು," ಎಂದ ಕುಬತ್. "ತಿಂದ್ಕೊಂಡೇ ಬಂದಿದ್ದೀಯಲ್ಲ."

ಲಗಾಮು ಕೆಳಗಿಟ್ಟು ಮುಖವೆತ್ತಿದ. ನ್ಯಾಯಾಲಯಕ್ಕೆಂದು ಒಂದು ತಿಂಗಳಿಂದ ಕಾದಿಟ್ಟಿದ್ದ ದನಿಯಲ್ಲಿ ಕೇಳಿದ:

"ಬೇಕಂತಲೇ ತಿಂದ್ಯಾ?"

ತೊಲೊನ್ ಬಾಯಿ ತೆರೆದ. ಹಲ್ಲಿನ ಸಂದಿಯಲ್ಲಿ ಬುರುಲಳ ರೊಟ್ಟಿಯ ಮೇಲಿನ ಎಳ್ಳೊಂದು ಸಿಕ್ಕಿಕೊಂಡಿತ್ತು. ನಾಲಿಗೆ ಅದನ್ನು ತಳ್ಳತೊಡಗಿತು. ಕುಬತ್ ಕಾದು, ಮೆಲ್ಲಗೆ ಬೆಂಕಿಯ ಕಡೆ ತಿರುಗಿದ. ಈಗ ಅಣ್ಣನ ಕಡೆಗಿದ್ದದ್ದು ಹೊಲಿದು ಮುಚ್ಚಿದ ಎಡಗಣ್ಣು ಮಾತ್ರ. ಅದು ರೆಪ್ಪೆ ಬಡಿಯಲಿಲ್ಲ. ನಾಲಿಗೆ ಎಳ್ಳನ್ನು ತಳ್ಳುತ್ತಲೇ ಇತ್ತು.

ಜಾನಿಶ್ ಬೇಕೆಂದೇ ಹೊಡೆದನೋ ಇಲ್ಲವೋ, ನನಗೆ ಗೊತ್ತಿಲ್ಲ. ತೊಲೊನ್ ಬೇಕೆಂದೇ ತಿಂದನೋ, ಅದೂ ಗೊತ್ತಿಲ್ಲ.