ಭಾಗ್ಯಮ್ಮನ ಲಕ್ಕಿ ಗಿಡ

ನಮ್ಮ ಬೀದಿಯಲ್ಲಿ ಸಂಜೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸರೆಲ್ಲ ಮೊದಲು ಕೂರುತ್ತಿದ್ದದ್ದು ನನ್ನ ಜಗುಲಿಯ ಮೇಲೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅಷ್ಟು ಅಗಲದ ಜಗುಲಿ ಇನ್ನೊಂದಿರಲಿಲ್ಲ. ಒಳಗೆ ಮಗ್ಗದ ಸದ್ದು, ಹೊರಗೆ ರಾಟೆಗಳ ಸದ್ದು, ನಡುವೆ ನಾನು ಯಜಮಾನಿ. ಅರವತ್ತೆಂಟರ ಮಳೆಗಾಲದಲ್ಲಿ ಎದುರುಮನೆಯ ಭಾಗ್ಯಮ್ಮ ಅದಕ್ಕೆ ಕಲ್ಲು ಹಾಕಿದಳು.

ಅವಳು ಮಾಡಿದ್ದು ಇಷ್ಟೇ. ತನ್ನ ಗೇಣಗಲದ ಜಗುಲಿಯ ಎರಡೂ ಕಡೆ ಸೊಳ್ಳೆಗೆ ಆಗದ ಲಕ್ಕಿ ಗಿಡ ಬೆಳೆಸಿದ್ದಳು, ನಡುನಡುವೆ ಕಾಮಕಸ್ತೂರಿ. ಆ ವರ್ಷ ಚರಂಡಿ ತುಂಬಿ ಬೀದಿಗೆಲ್ಲ ಸೊಳ್ಳೆ ಮುತ್ತಿದ್ದವು. ರಾಟೆ ತಿರುಗಿಸುವವಳಿಗೆ ಎರಡು ಕೈಗೂ ಕೆಲಸ. ಕಾಲ ಮೇಲಿನ ಸೊಳ್ಳೆ ಹೊಡೆಯಲು ಹೋದರೆ ನೂಲು ಹರಿಯುತ್ತದೆ. ಒಬ್ಬೊಬ್ಬರಾಗಿ ರಾಟೆ ಎತ್ತಿಕೊಂಡು ಬೀದಿ ದಾಟಿದರು. ಕೊನೆಗೆ ನಮ್ಮ ಅತ್ತೆಯೂ ಹೊರಟರು.

"ಅಲ್ಲಿ ಸೊಳ್ಳೆ ಕಾಟ ಇಲ್ಲ ಕಣೇ," ಎಂದರು.

"ನಾನಿಲ್ಲಿ ಒಬ್ಳೇ ಕೂತ್ಕೊಳ್ಳಾ?"

"ನೀನೂ ಬಾ. ಯಾರು ಬ್ಯಾಡ ಅಂದೋರು?"

ಹೋಗಲಿಲ್ಲ. ಅವಳ ಜಗುಲಿಯ ಮೂಲೆಯಲ್ಲಿ ಕೂರುವಷ್ಟು ಗತಿಗೆಟ್ಟಿದ್ದೆನೇ ನಾನು? ಸೊಳ್ಳೆ ಕಚ್ಚಿಸಿಕೊಂಡು ಒಬ್ಬಳೇ ಕೂತು ಅವರ ನಗು ಕೇಳಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಮ್ಮಲ್ಲೊಂದು ನಂಬಿಕೆ ಇದೆ. ಇಂಥ ಗಿಡವನ್ನು ಕೇಳಿ ತಂದರೆ ಚಿಗುರುವುದಿಲ್ಲ, ಕದ್ದೇ ತರಬೇಕು. ಸದ್ಯ, ಅವಳ ಮುಂದೆ ಬಾಯಿಬಿಡುವುದು ತಪ್ಪಿತು. ಒಂದು ಮಧ್ಯಾಹ್ನ ಭಾಗ್ಯಮ್ಮ ಮಲಗಿದ್ದಾಗ ಲಕ್ಕಿಯ ಮೂರು ರೆಂಬೆ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಮೂರೂ ಚಿಗುರಿದವು. ಮುಂದಿನ ಮಳೆಗಾಲದ ಹೊತ್ತಿಗೆ ಎದೆಯೆತ್ತರಕ್ಕೆ ಬಂದವು. ಸೊಳ್ಳೆಗಳು ಅವುಗಳ ಮೇಲೆಯೇ ಕೂತು ದಣಿವಾರಿಸಿಕೊಂಡು ಆಮೇಲೆ ನನ್ನನ್ನು ಕಚ್ಚಿದವು. ಎದುರುಗಡೆ ಮಾತ್ರ ಎಂದಿನಂತೆ ಸಭೆ ನಡೆದೇ ಇತ್ತು.

ಒಂದು ಶನಿವಾರ ಭಾಗ್ಯಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ನಮ್ಮ ಬಚ್ಚಲ ಹಂಡೆಯಲ್ಲಿ ಎಣ್ಣೆಸ್ನಾನದ ನೀರು ಕುದಿಯುತ್ತಿತ್ತು. ಎರಡು ಬಿಂದಿಗೆ ಹೊತ್ತುಕೊಂಡು ಹೋಗಿ ಅವಳ ಗಿಡಗಳ ಬುಡಕ್ಕೆ ಸುರಿದೆ.

ಎರಡೇ ದಿನಕ್ಕೆ ಎಲೆ ಉದುರಿದವು. ಮೂರನೆಯ ಸಂಜೆ ರಾಟೆಗಳು ಬೀದಿ ದಾಟಿ ನನ್ನ ಕಡೆ ಬಂದವು, ಎಲ್ಲರಿಗಿಂತ ಮುಂದೆ ಭಾಗ್ಯಮ್ಮನೇ.

"ನನ್ನ ಗಿಡ ಯಾಕೋ ಒಣಗೋದ್ವು ವರಲಕ್ಷ್ಮಕ್ಕ. ಇನ್ಮೇಲೆ ನಿಮ್ಮಲ್ಲೇ ಕೂತ್ಕೋತೀವಿ."

ಕೂರುವ ಮೊದಲು ಅವಳು ನನ್ನ ಲಕ್ಕಿಯ ರೆಂಬೆಗಳನ್ನು ಒಂದೊಂದಾಗಿ ಬಗ್ಗಿಸಿ ಎಲೆಗಳನ್ನು ಎರಡೂ ಅಂಗೈಯಲ್ಲಿ ಹೊಸಕಿದಳು. ಘಾಟು ಎದ್ದಿತು. ಸೊಳ್ಳೆಗಳು ಚದುರಿದವು.

"ಸುಮ್ನೆ ನೆಟ್ರೆ ಆಗಲ್ಲಕ್ಕ, ಹಿಂಗೆ ಹೊಸಕ್ಬೇಕು. ದಿನಾ ಮಾಡ್ತಿದ್ನಲ್ಲ, ನೋಡಿರ್ಲಿಲ್ವಾ?"

ನೋಡಿದ್ದೆ. ಗಿಡವನ್ನು ಮುದ್ದು ಮಾಡುತ್ತಾಳೆ, ವಯ್ಯಾರಗಿತ್ತಿ, ಎಂದು ಅದಕ್ಕೂ ಬೈದುಕೊಂಡಿದ್ದೆ.

ನನ್ನ ಜಗುಲಿ ತುಂಬಿತು. ಆದರೆ ಎಲ್ಲರೂ ಕೂತದ್ದು ಭಾಗ್ಯಮ್ಮನ ಕಡೆ ಮುಖ ಮಾಡಿಕೊಂಡು. ಅತ್ತೆ ಅವಳ ಮಗ್ಗುಲಲ್ಲೇ ರಾಟೆ ಇಟ್ಟುಕೊಂಡರು. ಅವಳು ಏನೋ ಹೇಳಿದಳು, ಎಲ್ಲರೂ ನಕ್ಕರು. ಬಾಯಾರಿದಾಗ ಮಾತ್ರ ನನ್ನ ನೆನಪಾಗಿ ನೀರು ಕೇಳಿದರು. ಗಿಡ ನನ್ನದು, ಜಗುಲಿ ನನ್ನದು, ನೀರು ತಂದುಕೊಡುವವಳೂ ನಾನೇ.

ಎಲ್ಲರೂ ಎದ್ದುಹೋದ ಮೇಲೆ ಭಾಗ್ಯಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕ, ನಾಳೆ ಮಧ್ಯಾಹ್ನ ಸ್ವಲ್ಪ ಮಲಕ್ಕೊಳ್ಳಿ. ಹೋದ್ವರ್ಷ ನಾನು ಮಲಗಿದ್ನಲ್ಲ, ಹಂಗೆ."

ಅವಳಿಗೆ ಆಗಲೇ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ನನ್ನನ್ನು ಕದಿಯಲು ಬಿಟ್ಟಿದ್ದಳು. ಬಿಸಿನೀರಿನ ವಿಷಯವೂ ಗೊತ್ತಿತ್ತೇ? ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಬಾಗಿಲು ಓರೆ ಮಾಡಿ ಮಲಗಿದೆ. ನಿದ್ದೆ ಎಲ್ಲಿಯದು? ಅವಳ ಗಿಡ ಚಿಗುರಿದರೆ ನನ್ನ ಜಗುಲಿ ಮತ್ತೆ ಬರಿದಾಗುತ್ತದೆ. ನಾಲ್ಕು ಮುರಿಯಲಿ, ಐದು ಮುರಿಯಲಿ, ಬೈಯಲು ನನಗೊಂದು ನೆಪವಾದರೂ ಸಿಗಲಿ ಎಂದು ಕಿವಿಗೊಟ್ಟೆ. ಒಂದೇ ಸಲ ಲಟಕ್ಕೆಂದಿತು. ಆಮೇಲೆ ಅವಳ ಕಾಲುಂಗುರದ ಸದ್ದು ಬೀದಿ ದಾಟಿತು.

ಎದ್ದು ಹೋಗಿ ನೋಡಿದೆ. ಒಂದೇ ಒಂದು ಸಣ್ಣ ರೆಂಬೆ ಹೋಗಿತ್ತು. ನಾನು ಮೂರು ಮುರಿದಿದ್ದೆ. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆ ಉರಿಯಿತು.