ಮೊದಲ ಸಾಲಿನ ಸಹಿ

ಅಬ್ಬಿಗೆರೆಯ ಮಾರಮ್ಮನ ಗುಡಿಗೆ ಈಗ ಮೂರು ಕಡೆಯೂ ಅಪಾರ್ಟ್‌ಮೆಂಟು. ಬಿಸಿಲು ಅಮ್ಮನ ಮುಖ ಮುಟ್ಟುವಷ್ಟರಲ್ಲಿ ಹತ್ತು ಗಂಟೆಯಾಗುತ್ತದೆ. ಆ ಭಾನುವಾರ ಬಿಸಿಲು ಮುಟ್ಟಿ, ದಾಟಿಯೂ ಹೋಗಿತ್ತು. ಪೂಜಾರಿ ಮುನಿವೆಂಕಟಯ್ಯ ಮಾತ್ರ ಕಟ್ಟೆಯ ಮೇಲೆ ಕೂತು ಒಂದೇ ಕಾಗದವನ್ನು ಮೂರನೆಯ ಸಲ ಓದುತ್ತಿದ್ದರು.

ಕಾಗದ ತಂದವನು ಅವರ ತಂಗಿಯ ಮಗ ಭೀಮರಾಜ್. ಊರಿನ ಹೊಲಗಳೆಲ್ಲ ಸೈಟಾದ ಮೇಲೆ ಮನೆ ಕಟ್ಟಿಸಿ ಮಾರುವ ಕೆಲಸ ಹಿಡಿದವನು. ಆರು ವರ್ಷದ ಹಿಂದೆ ಅವನ ತಾಯಿ ವೆಂಕಟಲಕ್ಷ್ಮಮ್ಮನನ್ನೂ ಏಳು ವರ್ಷದ ಮಗಳು ಧನುಶ್ರೀಯನ್ನೂ ಸಿದ್ದು ಎಂಬವನು ಹಾಡುಹಗಲೇ ಕೊಂದಿದ್ದ. ಅವರದೇ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದವನು. ಓಲೆಗೆ, ಸರಕ್ಕೆ ಆಸೆಪಟ್ಟು ಕೊಂದ. ಕೆಳಗಿನ ಕೋರ್ಟು ಗಲ್ಲು ಅಂದಿತು. ಹೈಕೋರ್ಟು ಅದನ್ನು ಇಳಿಸಿ ಸಾಯುವ ತನಕ ಜೈಲು ಅಂದಿತು. ಸರ್ಕಾರ ದಿಲ್ಲಿಯ ಕೋರ್ಟಿಗೆ ಹೋಗಿ ಮತ್ತೆ ಗಲ್ಲನ್ನೇ ಕೇಳಬೇಕೆಂದು ಭೀಮರಾಜ್ ಮನವಿ ಬರೆಸಿದ್ದ.

ಇನ್ನೂರು ಜನರ ಸಹಿ ಬಿದ್ದಿತ್ತು. ಮೊದಲ ಸಾಲು ಖಾಲಿ. ಈ ಊರಿನಿಂದ ಯಾವ ಅರ್ಜಿ ಹೊರಟರೂ ಅಮ್ಮನ ಪೂಜಾರಿಯ ಸಹಿ ಮೊದಲು. ಕೆರೆಗೆ ಬೇಲಿ ಬೇಕೆಂದರೂ ಅಷ್ಟೇ, ಬೀದಿಗೆ ಚರಂಡಿ ಬೇಕೆಂದರೂ ಅಷ್ಟೇ. ಆ ಸಾಲು ಬಿಟ್ಟು ಎರಡನೆಯದರಲ್ಲಿ ಸಹಿ ಹಾಕುವುದು ಎಲ್ಲರಿಗೂ ರೂಢಿ.

"ಓದಿದ್ದಾಯ್ತಲ್ಲ ಮಾವ, ಹಾಕು," ಅಂದ ಭೀಮರಾಜ್, ಪೆನ್ನು ಚಾಚಿ.

"ತಡಿಯೋ."

"ಆರು ವರ್ಷ ತಡ್ದೆ. ಡೇಟ್ ಮುಂದಕ್ಕೆ ಅಂದ್ರು, ತಡ್ದೆ. ಜಡ್ಜ್ ರಜ ಅಂದ್ರು, ತಡ್ದೆ. ನಾಳೆ ಬೆಳಿಗ್ಗೆ ಕೊಡ್ಬೇಕು. ನಿನಗೂ ಬೇರೆ ತಡೀಬೇಕಾ?"

ಪಕ್ಕದಲ್ಲಿ ಪೇಪರು ಹರಡಿಕೊಂಡಿದ್ದ ನರೇಂದ್ರನಿಗೆ ಸುಮ್ಮನಿರಲು ಬರದು. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಭಾನುವಾರವೆಲ್ಲ ಈ ಕಟ್ಟೆಯ ಮೇಲೇ.

"ನೋಡು ಭೀಮ, ನಮ್ಮಲ್ಲಿ ಒಂದು ಪಾರ್ಟು ತಪ್ಪಾದ್ರೆ ವಾಪಸ್ ತಂದು ರಿಪೇರಿ ಮಾಡ್ತಿದ್ವಿ. ನೇಣು ಹಾಕಿದ್ ಮೇಲೆ ತಪ್ಪು ಅಂತ ಗೊತ್ತಾದ್ರೆ ಯಾರನ್ನ ವಾಪಸ್ ತರ್ತೀಯ?"

"ಇವನ ವಿಷಯದಲ್ಲಿ ಏನ್ ಸಾರ್ ತಪ್ಪು? ನಮ್ಮವ್ವನ ಓಲೆ ಅವನ ಜೇಬಲ್ಲಿ ಸಿಕ್ತು. ಕೊಂದೆ ಅಂತ ಅವನೇ ಒಪ್ಕೊಂಡಿದಾನೆ."

"ಇವನೊಬ್ಬಂದಲ್ಲ ಕಣಪ್ಪ, ಕಾನೂನು ಎಲ್ಲರಿಗೂ ಒಂದೇ. ದೊಡ್ಡ ಲಾಯರ್ ಇಟ್ಕೊಂಡೋನು ಬಚಾವಾಗ್ತಾನೆ, ಗತಿ ಇಲ್ದೋನು ನೇತಾಡ್ತಾನೆ."

"ಗತಿ ಇಲ್ದೋನು ಅಂತಾನೇ ನಮ್ಮವ್ವ ರೂಮ್ ಕೊಟ್ಟಿದ್ದು. ಜ್ವರ ಬಂದಾಗ ಗಂಜಿ ಮಾಡ್ಕೊಟ್ಟಿದ್ದು. ಈಗ ಅವನಿಗೆ ಜೈಲಲ್ಲಿ ದಿನಾ ಮುದ್ದೆ, ಸಾರು. ನನ್ ಮಗಳು ಇದ್ದಿದ್ರೆ ಈಗ ಎಂಟನೇ ಕ್ಲಾಸು. ನಿಮ್ ಮೊಮ್ಮಗಳು ಯಾವ ಕ್ಲಾಸ್ ಸಾರ್?"

ನರೇಂದ್ರ ಪೇಪರು ಮಡಿಸಿದ. "ಅಂಗೆ ಕೇಳಿದ್ರೆ ನಾನೇನ್ ಹೇಳ್ಲಿ," ಅಂದ. ಸ್ವಲ್ಪ ಹೊತ್ತಿಗೆ ಮತ್ತೆ, "ಆದ್ರೂ ಸರ್ಕಾರಾನೇ ಕೊಲ್ಲೋದು ಅಂದ್ರೆ..." ಅನ್ನತೊಡಗಿದ.

"ಸಾಕು ಬಿಡ್ರೋ," ಅಂದರು ಮುನಿವೆಂಕಟಯ್ಯ.

ಅವರಿಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಟಿವಿಯವರೂ ಲಾಯರುಗಳೂ ಬಸ್‌ಸ್ಟಾಪಿನಲ್ಲಿ ನಿಂತವರೂ ಆರು ವರ್ಷದಿಂದ ಇದನ್ನೇ ಅರೆದಿದ್ದರು. ಒಬ್ಬನ ಮಾತು ಕೇಳುವಾಗ ಅದು ಸರಿ. ಇನ್ನೊಬ್ಬ ಬಾಯಿ ತೆರೆದರೆ ಅದೂ ಸರಿ. ಕೆಲವು ದಿನ ಸಿದ್ದುವಿನ ಕುತ್ತಿಗೆಯನ್ನು ತನ್ನ ಕೈಯಲ್ಲೇ ಹಿಸುಕಬೇಕೆನ್ನಿಸುತ್ತಿತ್ತು. ಮರುದಿನ ಅಮ್ಮನ ಮುಂದೆ ದೀಪ ಹಚ್ಚುವಾಗ ಅದೇ ಕೈ ನೋಡಿ ನಾಚಿಕೆಯಾಗುತ್ತಿತ್ತು. ಏನಾದರೂ ಹೇಳು ತಾಯಿ ಎಂದು ಬೇಡದ ದಿನವಿಲ್ಲ. ಊರವರ ಕಾಣೆಯಾದ ಹಸುವಿಗೂ ನಿಂತುಹೋದ ಮದುವೆಗೂ ಹೂ ಕೊಟ್ಟವಳು ಈ ಒಂದಕ್ಕೆ ಒಂದು ಎಸಳನ್ನೂ ಉದುರಿಸಿರಲಿಲ್ಲ.

"ಎಷ್ಟು ಟಗರು ಕಡ್ದಿದೀಯ ಮಾವ, ನಮ್ ಕಣ್ಣೆದುರಿಗೆ," ಅಂದ ಭೀಮರಾಜ್. "ಒಂದು ಸಹಿಗೆ ಕೈ ನಡುಗುತ್ತಾ?"

ಗುಡಿಯಲ್ಲಿ ಬಲಿ ನಿಂತು ಬಹಳ ವರ್ಷವಾಗಿತ್ತು. ನಿಲ್ಲುವವರೆಗೂ ಪೂಜೆ ಅವರದೇ, ಕತ್ತಿಯೂ ಅವರದೇ.

"ಅದು ಬೇರೆ ಕಣೋ. ತಲೆ ಮೇಲೆ ತೀರ್ಥ ಹಾಕಿ ಕಾಯ್ತಿದ್ದೆ. ಟಗರು ತಾನಾಗಿ ಮೈ ಒದರ್ಬೇಕು. ಒದರಿದ್ರೆ ಅಮ್ಮ ಒಪ್ಪಿದ್ಲು ಅಂತ. ಒದರ್ದಂಗೆ ಒಂದಿನಾನೂ ನಾನು ಕತ್ತಿ ಎತ್ತಿಲ್ಲ."

ಭೀಮರಾಜ್ ನಕ್ಕ. ಒಣ ನಗು.

"ಒದರ್ದೇ ಇದ್ರೆ ಕಿವಿಯೊಳಗೆ ನೀರು ಬಿಡ್ತಿರ್ಲಿಲ್ವಾ? ಚೊಂಬು ತಂದುಕೊಡ್ತಿದ್ದೋಳು ನಮ್ಮವ್ವನೇ. ಕಿವಿಗೆ ನೀರು ಹೋದ್ರೆ ಯಾವ ಟಗರು ಒದರಲ್ಲ ಮಾವ?"

ನರೇಂದ್ರ ಬೇರೆ ಕಡೆ ನೋಡಿದ. ಮುನಿವೆಂಕಟಯ್ಯನವರು ಕಾಗದವನ್ನು ಕಟ್ಟೆಯ ಮೇಲಿಟ್ಟರು. ಬಿಡುತ್ತಿದ್ದುದು ನಿಜ. ಹೊತ್ತಾಗುತ್ತಿತ್ತು, ನೆಂಟರು ಹಸಿದಿರುತ್ತಿದ್ದರು, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವರ ಅಪ್ಪ, ತಾತನೂ ಹಾಗೇ ಮಾಡಿದ್ದರು. ಟಗರು ಒದರಿದ ಕೂಡಲೇ ಎಲ್ಲರೂ ಕೈಮುಗಿದು, ಅಮ್ಮ ಒಪ್ಪಿದಳು ಅನ್ನುತ್ತಿದ್ದರು. ಅವರೂ ಹಾಗೆಯೇ ಅಂದಿದ್ದರು, ನಂಬಿಯೂ ಇದ್ದರು.

ಅವರು ಕಾಗದವನ್ನು ಮತ್ತೆ ಎತ್ತಿಕೊಂಡರು. ಬೆಳಗಿನಿಂದ ಮುಳ್ಳಿನಂತೆ ಚುಚ್ಚುತ್ತಿದ್ದ ಸಾಲು ಯಾವುದೆಂದು ಈಗ ತಿಳಿಯಿತು. ಅದರ ಮೇಲೆ ಬೆರಳಿಟ್ಟರು.

"ಇದನ್ನ ಯಾರು ಬರೆದಿದ್ದು? 'ಮೃತರ ಆತ್ಮಗಳು ಈ ಶಿಕ್ಷೆಯನ್ನೇ ಬೇಡುತ್ತಿವೆ.'"

"ಲಾಯರ್ರು. ಎಲ್ಲಾ ಮನವೀಲೂ ಇರುತ್ತಂತೆ."

"ನನ್ ತಂಗೀನ ಯಾರು ಕೇಳಿದ್ರು? ಆ ಮಗೂನ ಯಾರು ಕೇಳಿದ್ರು? ಇದೂ ಕಿವಿಗೆ ನೀರು ಬಿಟ್ಟಂಗೇ ಅಲ್ವೇನೋ? ನಾವು ಒದರ್ಸಿ, ಅವರು ಒಪ್ಪಿದ್ರು ಅನ್ನೋದು."

"ಒಂದು ಸಾಲಿಗೆ ಇಷ್ಟು ರಾಮಾಯಣನಾ?" ಅಂದ ಭೀಮರಾಜ್. "ಸತ್ತೋರು ಬಂದು ಸಹಿ ಹಾಕ್ತಾರಾ ಮಾವ?"

ಭೀಮರಾಜನ ಹೆಂಡತಿ ರಮಾ ಅಷ್ಟು ಹೊತ್ತೂ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದು ಬಂದಳು.

"ನಾನು ಕೇಳಿದೀನಿ ಮಾವ," ಅಂದಳು. "ಧನೂನ ದಿನಾ ಕೇಳ್ತೀನಿ. ಅವಳ ಸ್ಕೂಲ್ ಬ್ಯಾಗ್ ಮುಂದೆ ಇಟ್ಕೊಂಡು ಕೇಳ್ತೀನಿ. ಏನೂ ಹೇಳಲ್ಲ."

ಅವಳು ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಸಾಲನ್ನು ಒಂದೇ ಎಳೆತಕ್ಕೆ ಹೊಡೆದುಹಾಕಿದಳು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಳು: ತಾಯಿಯಾದ ನಾನು ಬೇಡುತ್ತಿದ್ದೇನೆ.

"ನನಗೆ ಬೇಕು ಮಾವ. ಅವನು ಎಲ್ಲೋ ಉಸಿರಾಡ್ತಿದಾನೆ ಅಂದ್ರೆ ನನಗೆ ತುತ್ತು ಇಳಿಯಲ್ಲ. ಪಾಪ ಅಂದ್ರೆ ಪಾಪ, ನನ್ ತಲೆ ಮೇಲೆ ಬರ್ಲಿ. ಈಗ ಹಾಕಿ. ಆಗಲ್ಲ ಅಂದ್ರೆ ಬಿಡಿ."

ಈಗ ಕಾಗದದಲ್ಲಿ ಸುಳ್ಳಿರಲಿಲ್ಲ. ಬೇಡ ಅನ್ನಲು ಅವರ ಕೈಯಲ್ಲಿದ್ದ ಒಂದೇ ಮಾತನ್ನು ಅವಳು ಕಿತ್ತುಕೊಂಡಿದ್ದಳು. ಅವರು ಪೆನ್ನು ಹಿಡಿದರು. ನಿಬ್ಬು ಮೊದಲ ಸಾಲಿನ ಮೇಲೆ ಬಂದು ನಿಂತಿತು. ಅವರು ತಂಗಿಯ ಮುಖ ನೆನೆದರು. ಬಂದದ್ದು ಗಂಜಿಯ ಬಟ್ಟಲು ಹಿಡಿದು ಹಿಂದಿನ ರೂಮಿಗೆ ಹೋಗುವ ಅವಳ ಬೆನ್ನು. ಮತ್ತೆ ನೆನೆದರು. ಮತ್ತೆ ಬೆನ್ನೇ.

"ನನ್ ಕೈಲಿ ಆಗಲ್ಲ ಕಣಮ್ಮ," ಅಂದರು. "ಬ್ಯಾಡ ಅನ್ನೋಕೂ ಆಗಲ್ಲ. ಇಂಗೆ ಆರು ವರ್ಷ ಆಯ್ತು."

ರಮಾ ತಲೆಯಾಡಿಸಿದಳು. ಕಾಗದವನ್ನು ಕಟ್ಟೆಯ ಮೇಲಿಟ್ಟುಕೊಂಡು, ಪೂಜಾರಿಗೆಂದು ಬಿಟ್ಟಿದ್ದ ಸಾಲಿನಲ್ಲಿ ತನ್ನ ಹೆಸರು ಬರೆದಳು.

"ನಡಿ," ಅಂದ ಭೀಮರಾಜ್ ಹೆಂಡತಿಗೆ. ಹುಟ್ಟಿದಾಗಿನಿಂದ ಮಾವನನ್ನು ನೀನು ಅಂತಲೇ ಕರೆದವನು, ಅವರ ಕಡೆ ತಿರುಗದೆ, "ಗುರುವಾರ ಅವ್ವಂದೂ ಧನೂದೂ ವರ್ಷದ ಎಡೆ. ಬರೋದು ಬಿಡೋದು ನಿಮಗೆ ಬಿಟ್ಟಿದ್ದು," ಅಂದು ಕಾರಿನ ಕಡೆ ಹೊರಟ.

ರಮಾ ಹೋಗಲಿಲ್ಲ. ಪ್ರತಿ ಭಾನುವಾರದಂತೆ ಸೆರಗು ಹೊದ್ದು ಕೈಯೊಡ್ಡಿ ನಿಂತಳು. ಮುನಿವೆಂಕಟಯ್ಯನವರು ಒಳಗೆ ಹೋಗಿ ತೀರ್ಥದ ಬಟ್ಟಲು ತಂದರು. ಅಂಗೈಗೆ ಬಿಟ್ಟ ನೀರನ್ನು ಅವಳು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು. ಹೊರಗೆ ಭೀಮರಾಜ್ ಎರಡು ಸಲ ಹಾರ್ನ್ ಹೊಡೆದ.