ಮಗ್ಗ ನಿಲ್ಲಿಸಿ ಕೇಳಿದ ಹಾಡು

ಬನಹಟ್ಟಿಯ ಆ ಓಣಿಯಲ್ಲಿ ಹಾಡುಹಗಲು ಮಗ್ಗಗಳೆಲ್ಲ ಒಮ್ಮೆಲೇ ನಿಂತವೆಂದರೆ ಕರೆಂಟು ಹೋಗಿರಬೇಕು, ಇಲ್ಲವೇ ಯಾರೋ ತೀರಿಕೊಂಡಿರಬೇಕು. ಆವತ್ತು ಎರಡೂ ಆಗಿರಲಿಲ್ಲ. ದುರಗೇಶ ಮಗ್ಗವಿದ್ದ ಮನೆಗಳಿಗೆಲ್ಲ ಹೋಗಿ, ಹೆಂಡತಿ ಶೇವಂತಿಯ ಹಾಡು ಮುಗಿಯುವ ತನಕ ನಿಲ್ಲಿಸಿರೆಂದು ಕೇಳಿಕೊಂಡು ಬಂದಿದ್ದ. ಎದುರುಮನೆಯ ಬೋರವ್ವನಿಗೆ ಮಗ್ಗವಿಲ್ಲ, ಆಕೆಗೆ ಯಾರೂ ಹೇಳಿರಲಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು ಬಂದೇಬಿಟ್ಟಳು.

"ಯಾರ ಹ್ವಾದ್ರಬೇ?"

"ಯಾರೂ ಹೋಗಿಲ್ಲಬೇ ಯವ್ವಾ. ಶೇವಂತಿ ಸಿನಿಮಾಕ್ಕ ಹಾಡಾಕತ್ತಾಳ," ಎಂದಳು ಕಿಟಕಿಯ ಸರಳು ಹಿಡಿದು ನಿಂತಿದ್ದ ನೆರೆಮನೆಯ ನಂದಾ.

"ಹೌದ? ಹಂಗಾರ ಸರಿ ಆಚಿಕಡೆ, ನಾನೂ ನೋಡ್ತೇನಿ."

ಒಳಗೆ ಮೈಕಿನ ಮುಂದೆ ಕುಳಿತಿದ್ದ ಶೇವಂತಿಗೆ ಇದೆಲ್ಲ ಕೇಳಿಸುತ್ತಿತ್ತು.

ಜಮಖಂಡಿಯ ವೈಶಾಲಿ ಗೆಳೆಯರನ್ನು ಕಟ್ಟಿಕೊಂಡು ಸಣ್ಣದೊಂದು ಸಿನಿಮಾ ಮಾಡುತ್ತಿದ್ದಳು. ಗಂಡನನ್ನು ಬಿಟ್ಟುಹೋದ ನೇಕಾರ ಹೆಣ್ಣೊಬ್ಬಳು ಮರಳಿ ಬಂದು ಹಾಡುವ ಕತೆ. ಚಿತ್ರೀಕರಣ ಶೇವಂತಿಯ ಮನೆಯಲ್ಲೇ. ಹಾಡಿಗೆ ಹುಬ್ಬಳ್ಳಿಯಿಂದ ಗಾಯಕಿ ಬರುವುದಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತವು. ಸಪ್ಪಳದ ಮರೆಯಲ್ಲಿ ಹಾಡಿಕೊಳ್ಳುತ್ತಿದ್ದ ಶೇವಂತಿಯ ಒಂದೇ ಒಂದು ಸಾಲು ಬಯಲಿಗೆ ಬಿತ್ತು. "ಇದ ದನಿ ಬೇಕು ನನಗ," ಎಂದು ವೈಶಾಲಿ ಪಟ್ಟು ಹಿಡಿದಳು.

ಶೇವಂತಿ ಒಪ್ಪಿದ್ದು ಸಿನಿಮಾದ ಆಸೆಗಲ್ಲ. ಹಿಂದೊಮ್ಮೆ ಚಹಾಕ್ಕೆ ಬಂದ ಗೆಳೆಯರ ಮುಂದೆ ದುರಗೇಶ, "ನಮ್ಮಾಕಿ ಮಗ್ಗ ನಡದಾಗಷ್ಟ ಛಲೋ ಹಾಡ್ತಾಳ, ಕೇಳಸೂದಿಲ್ಲಲ್ಲ!" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅದರ ಮೇಲೆ ಇನ್ನೂ ನಾಲ್ಕು ಮಾತು ಬೆಳೆದು ಅವಳು ತವರೂರು ಬಾಡಗಂಡಿಗೆ ಹೋಗಿ ಕುಳಿತಳು. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಅವನೇ ಬಂದು ಅಂಗಳದಲ್ಲಿ ನಿಂತು, "ನಡಿ ಮನಿಗೆ," ಎಂದ. ಬಂದಳು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ತನ್ನ ದನಿ ಅವನು ಅಂದಂತೆಯೇ ಇದೆಯೋ ಏನೋ, ಎಲ್ಲ ಸುಮ್ಮನಿದ್ದಾಗ ಒಮ್ಮೆ ತಿಳಿಯಬೇಕಿತ್ತು ಅವಳಿಗೆ.

ಈಗ ಎಲ್ಲ ಸುಮ್ಮನಿತ್ತು, ದನಿಯೇ ಇರಲಿಲ್ಲ. ಮೊದಲ ಸಲ ಅರ್ಧ ಸಾಲಿಗೇ ನಿಲ್ಲಿಸಿದಳು. ಎರಡನೆಯ ಸಲ ಕಿಟಕಿಯ ತುಂಬ ತಲೆಗಳು ಕಂಡು ಕೆಮ್ಮು ಬಂತು.

"ಇರ್ಲಿ ಬಿಡ್ರಿ ಅಕ್ಕಾರ," ಎಂದಳು ವೈಶಾಲಿ ಮೆತ್ತಗೆ, "ಹುಬ್ಬಳ್ಳಿಯವ್ರನ್ನ ಕರಸ್ತೇವಿ." ಧ್ವನಿಮುದ್ರಣದ ದುಂಡೇಶ ವೈರು ಸುತ್ತತೊಡಗಿದ. ಗಂಡ ಅಂದದ್ದು ಖರೆಯೇ ಆಯಿತಲ್ಲ ಎಂದು ಶೇವಂತಿ ತಲೆ ತಗ್ಗಿಸಿದಳು.

"ಒಂದ ಸಲ ತಡೀರಿ."

ಹಾಗೆಂದ ದುರಗೇಶ ಮೂಲೆಯಿಂದ ಕಿಟಕಿಗೆ ಬಂದ. "ಬೋರವ್ವ ಆಯಿ, ನಿಮ್ಮ ಮನ್ಯಾಗ ಹಾಲ ಉಕ್ಕಾಕತ್ತೈತಿ, ಹೋಗ್ರಿ."

"ನಮ್ಮ ಎಮ್ಮಿ ಹಾಲ ಬತ್ತಿ ತಿಂಗಳಾತಲೇ!"

ಹೊರಗೆ ನಗೆ ಎದ್ದಿತು. ಅವನು ಕಿಟಕಿ ಮುಚ್ಚಿದ. ಶೇವಂತಿಯ ಅತ್ತೆಯ ಕಾಲದ ಕೈರಾಟೆಯನ್ನು ಎತ್ತಿ ತಂದು ಅವಳ ಮುಂದಿಟ್ಟು ನೂಲು ಹಚ್ಚಿದ. ಅವಳು ದಿನಾ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು ಅದರಲ್ಲೇ.

"ರಾಟಿ ಸಪ್ಪಳ ಬರ್ತೈತಲ್ರಿ," ಎಂದ ದುಂಡೇಶ, ಸುತ್ತಿದ ವೈರು ಬಿಚ್ಚುತ್ತ.

"ಬರ್ಲಿ. ಇದರ ಸಪ್ಪಳಕ್ಕ ದನಿ ಹಚ್ಚೇ ಶುರು ಮಾಡ್ತಾಳಾಕಿ. ಎರಡನೇ ಸಾಲಿಗೆ ಕೈ ಸಾವಕಾಶ ಮಾಡ್ತಾಳ."

ಶೇವಂತಿ ತಲೆಯೆತ್ತಿದಳು. ಮನೆಯ ಎರಡು ಮಗ್ಗಗಳ ಗದ್ದಲದೊಳಗೆ ಇದು ಇವನಿಗೆ ಹೇಗೆ ಗೊತ್ತು? ಕೇಳೋಣವೆಂದರೆ ಅವನಾಗಲೇ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಕಿವಿ ಕೆಂಪಾಗಿದ್ದವು.

ಅವಳು ರಾಟೆ ತಿರುಗಿಸಿದಳು. ಅವ್ವ ಕಲಿಸಿದ ಹಾಡು ಅದರ ಹಿಂದೆಯೇ ಬಂತು, ಮುಗಿಯುವ ತನಕ ಎಲ್ಲಿಯೂ ತಡೆಯಲಿಲ್ಲ. ದುಂಡೇಶ ಕಿವಿಯ ಮೇಲಿನ ಹೆಡ್‌ಫೋನು ತೆಗೆಯುವುದನ್ನೇ ಮರೆತ.

"ರಾಟಿನೂ ಇರ್ಲಿ," ಎಂದಳು ವೈಶಾಲಿ, "ಹುಬ್ಬಳ್ಳಿಗೆ ಫೋನ್ ಮಾಡೂದ ಬ್ಯಾಡ."

ಮಗ್ಗದಲ್ಲಿ ಬಿಗಿದ ಹಾಸುನೂಲು ಸಡಿಲಾದಂತೆ ಶೇವಂತಿಯ ಮೈ ಹಗುರಾಯಿತು. ಓಣಿಯಲ್ಲಿ ಒಂದೊಂದೇ ಮಗ್ಗ ಮತ್ತೆ ಶುರುವಾಯಿತು.

ಮರುದಿನ ಸಿನಿಮಾದವರು ಮುಧೋಳಕ್ಕೆ ಹೋದರು. ಶೇವಂತಿ ಎಂದಿನಂತೆ ಕಂಡಿಕೆ ಸುತ್ತುತ್ತ ಹಾಡಿಕೊಳ್ಳುತ್ತಿದ್ದಾಗ ದುರಗೇಶನ ಒಂದು ಮಗ್ಗ ತಟ್ಟನೆ ನಿಂತಿತು.

"ಎಳಿ ಹರೀತೇನ್ರಿ?" ಎಂದಳು ತಿರುಗದೆ.

"ಇಲ್ಲ." ಎರಡನೆಯ ಮಗ್ಗವೂ ನಿಂತಿತು. "ನೀ ಹಾಡು."

"ಹಿಂಗ ನಿಲ್ಲಿಸಿದ್ರ ಮಗ್ಗದಿಂದ ಸೀರಿ ಇಳದಂಗ ಬಿಡ್ರಿ!"

ಆದರೆ ರಾಟೆ ನಿಲ್ಲಲಿಲ್ಲ. ಎರಡನೆಯ ಸಾಲಿಗೆ ಕೈ ತಾನಾಗಿಯೇ ಸಾವಕಾಶವಾಯಿತು.